ಸೊನ್ನೆ ಉಳಿಸುವ ಚಿಹ್ನೆ

ಚಿಕ್ಕಮಗಳೂರಿನ ವ್ಯಾಪಾರಿಯೊಬ್ಬರು ಹುಬ್ಬಳ್ಳಿಯ ಅಂಗಡಿಗೆ 100 ಕಿಲೋ ಹುರಿದ ಕಾಫಿಬೀಜ ಕಳಿಸುತ್ತಾರೆ ಅಂತ ಇಟ್ಟುಕೊಳ್ಳಿ. ಕಿಲೋಗೆ 612 ರೂಪಾಯಿ 45 ಪೈಸೆ. ಒಟ್ಟು 61,245 ರೂಪಾಯಿ. ವ್ಯಾಪಾರಿಯ ವಾರ್ಷಿಕ ವಹಿವಾಟು 5 ಕೋಟಿ ದಾಟಿದ್ದರೆ, 2023ರ ಆಗಸ್ಟ್ 1ರಿಂದೀಚೆಗೆ, ಈ ಬಿಲ್ಲನ್ನು ಬರೀ ಕಾಗದದ ಮೇಲೆ ಬರೆದುಕೊಟ್ಟರೆ ನಡೆಯುವುದಿಲ್ಲ. ಅದು ಮೊದಲು ಜಿಎಸ್‌ಟಿಯ ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಹೋಗಬೇಕು. ಅಲ್ಲಿ ನೋಂದಣಿಯಾಗಿ, 64 ಅಕ್ಷರಗಳ ಒಂದು ಗುರುತನ್ನೂ ಒಂದು ಕ್ಯೂಆರ್ ಕೋಡನ್ನೂ ಪಡೆದುಕೊಂಡು ವಾಪಸ್ ಬರಬೇಕು. ಆಮೇಲೆ ಮೂಟೆ ಲಾರಿ ಹತ್ತುತ್ತದೆ.

ಈ ಹೋಗಿಬರುವ ಕೆಲಸದಲ್ಲಿ ಮನುಷ್ಯರು ಕೈ ಹಾಕಬೇಕಾಗಿಯೇ ಇಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿರುವ ಲೆಕ್ಕದ ತಂತ್ರಾಂಶ ಸರ್ಕಾರದ ಸರ್ವರ್ ಜೊತೆ ತಾನೇ ಮಾತಾಡಿಕೊಳ್ಳುತ್ತದೆ. ಹಾಗೆ ಮಾತಾಡಲು ಮಾಡಿಟ್ಟಿರುವ ಏರ್ಪಾಟಿಗೆ ಎಪಿಐ ಎನ್ನುತ್ತಾರೆ. ಯಾವ ವಿಳಾಸಕ್ಕೆ ಕಳಿಸಬೇಕು, ಯಾವ ಹೆಸರಿನ ಮುಂದೆ ಏನು ಬರೆಯಬೇಕು, ಉತ್ತರ ಯಾವ ರೂಪದಲ್ಲಿ ಬರುತ್ತದೆ ಎಂಬುದನ್ನೆಲ್ಲ ಮೊದಲೇ ಬರೆದು ಪ್ರಕಟಿಸಿರುತ್ತಾರೆ. ಎರಡೂ ಕಡೆಯವರು ಅದರಂತೆ ನಡೆದುಕೊಂಡರೆ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ನಡೆದುಕೊಳ್ಳದಿದ್ದರೆ ಡ್ರೈವರು ಚಹಾದ ಮೇಲೆ ಚಹಾ ಕುಡಿಯುತ್ತ ಕೂರಬೇಕು.

ಎಲ್ಲಿ ತಪ್ಪುತ್ತದೆ? ತಂತಿಯ ಮೇಲೆ ಹೋಗುವುದು ಅಕ್ಷರಗಳ ಸಾಲು, ಅಷ್ಟೇ. ನೂರು ಕಿಲೋ ಎಂಬುದು ಅಲ್ಲಿ ಒಂದು, ಸೊನ್ನೆ, ಸೊನ್ನೆ ಎಂಬ ಮೂರು ಗುರುತು. ತಾರೀಕು ಇನ್ನೊಂದಷ್ಟು ಗುರುತು. ಇದು ತೂಕ, ಇದು ದಿನ, ಇದು ಹೌದು-ಅಲ್ಲ ಎಂಬ ಉತ್ತರ, ಇದು ಬರೀ ಹೆಸರು ಎಂಬ ಭೇದವನ್ನು ತಂತಿ ಅರಿಯದು. ಆ ಭೇದಕ್ಕೇ ಟೈಪ್ ಎನ್ನುವುದು. ದತ್ತದ ಬಗೆ ಎಂದರೂ ಆದೀತು. ಕಳಿಸುವವರು ಬಗೆಯನ್ನು ಹೇಳಿ ಕಳಿಸಬೇಕು, ಪಡೆಯುವವರು ಅದೇ ಬಗೆಯೆಂದು ಓದಬೇಕು. ಮಧ್ಯದಲ್ಲಿ ಯಾರಾದರೊಬ್ಬರು ಊಹೆಗೆ ಇಳಿದರೆ ಕೆಟ್ಟಿತು.

ಆ ಬಿಲ್ಲಿನ ನಾಲ್ಕಾರು ಸಾಲುಗಳನ್ನು ಓದಿ ನೋಡೋಣ. ಬಿಲ್ಲು ಜೇಸನ್ ಎಂಬ ರೂಪದಲ್ಲಿದೆ. ಮೊದಲು ಪುಷ್ಪಾವರಣ ತೆರೆಯುತ್ತದೆ. ಒಳಗೆ ಹೆಸರು, ಎರಡು ಚುಕ್ಕೆ, ಬೆಲೆ, ಅಲ್ಪವಿರಾಮ, ಮತ್ತೆ ಹೆಸರು, ಎರಡು ಚುಕ್ಕೆ, ಬೆಲೆ. ಪ್ರಮಾಣದ ಮುಂದೆ 100 ಎಂದಿದೆ, ಉದ್ಧರಣ ಚಿಹ್ನೆ ಇಲ್ಲ. ಅಂದರೆ ಅದು ಸಂಖ್ಯೆ. ಅಳತೆಯ ಮುಂದೆ ಉದ್ಧರಣ ಚಿಹ್ನೆಯೊಳಗೆ ‘ಕೆಜಿಎಸ್’ ಎಂದಿದೆ. ರಾಜ್ಯದ ಸಂಕೇತ 29, ಕರ್ನಾಟಕ. ಅದು ಅಂಕಿಯೇ ಆದರೂ ಉದ್ಧರಣ ಚಿಹ್ನೆಯೊಳಗೆ. ಸರಕಿನ ಎಚ್‌ಎಸ್‌ಎನ್ ಸಂಕೇತ 090121, ಅಂದರೆ ಹುರಿದ, ಕೆಫೀನ್ ತೆಗೆಯದ ಕಾಫಿ. ಅದೂ ಉದ್ಧರಣ ಚಿಹ್ನೆಯೊಳಗೆ. ಚಿಕ್ಕಮಗಳೂರಿನ ಪಿನ್‌ಕೋಡ್ 577101. ಅದಕ್ಕೆ ಮಾತ್ರ ಚಿಹ್ನೆ ಇಲ್ಲ.

ಎರಡು ಪುಟ್ಟ ಚಿಹ್ನೆಗೆ ಇಷ್ಟು ಸಡಗರ ಯಾಕೆ ಎನ್ನಬಹುದು. ಕಾಫಿಯ ಸಂಕೇತವನ್ನೇ ತೆಗೆದುಕೊಳ್ಳಿ. ಉದ್ಧರಣ ಚಿಹ್ನೆಯೊಳಗಿದ್ದರೆ ಅದು ಅಕ್ಷರಸಾಲು. ಆರು ಗುರುತೂ ಹಾಗೆಯೇ ಉಳಿಯುತ್ತವೆ. ಸಂಖ್ಯೆ ಎಂದು ಓದಿದಿರೋ, ಮುಂದಿನ ಸೊನ್ನೆಗೆ ಬೆಲೆಯಿಲ್ಲ. ಅದು ಉದುರಿ 90121 ಉಳಿಯುತ್ತದೆ. ಇಷ್ಟು ವಹಿವಾಟಿನವರಿಗೆ ಸಂಕೇತ ಆರು ಅಥವಾ ಎಂಟು ಅಂಕಿಯದಾಗಿರಬೇಕು, ಐದು ನಡೆಯದು. ಪೋರ್ಟಲ್ ತಿರಸ್ಕರಿಸುತ್ತದೆ. ಆಗ ಯಾರೋ ಅವಸರದಲ್ಲಿ ಕೊನೆಗೊಂದು ಸೊನ್ನೆ ಸೇರಿಸಿ ಆರಂಕಿ ಮಾಡಿದರೆನ್ನಿ: 901210. ಅದೂ ಅಸಲಿ ಸಂಕೇತವೇ, ಆದರೆ ಅದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಂಥ ಉಪಕರಣಗಳದ್ದು! ಚಿಕ್ಕಮಗಳೂರಿನ ಕಾಫಿ ಹುಬ್ಬಳ್ಳಿ ತಲುಪುವಷ್ಟರಲ್ಲಿ ಪ್ರಯೋಗಶಾಲೆಯ ಸಾಮಾನಾಗಿರುತ್ತದೆ.

ಇದು ಕಾಫಿಯೊಂದರ ಪಾಡಲ್ಲ. ಕರಿಮೆಣಸು 0904, ಏಲಕ್ಕಿ 0908, ಅಡಿಕೆ 0802, ತೆಂಗಿನಕಾಯಿ 0801, ಬಾಳೆ 0803. ಸರಕುಗಳನ್ನು ಅಧ್ಯಾಯಗಳಾಗಿ ವಿಂಗಡಿಸಿದ ಈ ಪಟ್ಟಿ ವಿಶ್ವ ಸುಂಕ ಸಂಸ್ಥೆಯದು, 1988ರಿಂದ ಜಾರಿಯಲ್ಲಿದೆ. ಅದರಲ್ಲಿ ಪ್ರಾಣಿ, ಮೀನು, ಹಾಲು, ಹೂವು, ತರಕಾರಿ, ಹಣ್ಣು, ಸಾಂಬಾರ ಪದಾರ್ಥ ಎಲ್ಲ ಮೊದಲ ಒಂಬತ್ತು ಅಧ್ಯಾಯಗಳಲ್ಲಿ ಬಂದುಬಿಡುತ್ತವೆ. ಹಾಗಾಗಿ ಮಲೆನಾಡು ಕರಾವಳಿಗಳ ತೋಟದ ಬೆಳೆ ಬಹುಪಾಲು ಸೊನ್ನೆಯಿಂದಲೇ ಶುರು. ಅಕ್ಕಿಗೆ ಹತ್ತನೇ ಅಧ್ಯಾಯ, ರೇಷ್ಮೆಗೆ ಐವತ್ತನೆಯದು. ಅವಕ್ಕೆ ಈ ತಾಪತ್ರಯವಿಲ್ಲ. ಎಕ್ಸೆಲ್ ಹಾಳೆಯಲ್ಲಿ 0904 ಎಂದು ಹೊಡೆದು, ಎಂಟರ್ ಒತ್ತಿದ ಕೂಡಲೇ 904 ಆಗಿ ನಿಲ್ಲುವುದನ್ನು ಕಂಡು ಮುಖ ಗಂಟು ಹಾಕಿಕೊಂಡ ಗುಮಾಸ್ತರು ಈ ಮಾತನ್ನು ಕೇಳುತ್ತಿರಬಹುದು.

ನಾನು ಹಿಡಿದುಕೊಂಡಿರುವ ನಿಯಮ ಇದು: ಕೂಡಿಸಿ ಕಳೆಯುವ ಉದ್ದೇಶ ಇದ್ದರೆ ಮಾತ್ರ ಅದನ್ನು ಸಂಖ್ಯೆಯೆಂದು ಕಳಿಸಬೇಕು. ಎರಡು ಫೋನ್ ನಂಬರುಗಳನ್ನು ಯಾರೂ ಕೂಡಿಸುವುದಿಲ್ಲ. ಆಧಾರ್‌ನ 12 ಅಂಕಿಗಳ ಸರಾಸರಿ ಯಾರಿಗೂ ಬೇಡ. ಇವೆಲ್ಲ ಅಂಕಿಯ ವೇಷ ತೊಟ್ಟ ಹೆಸರುಗಳು. ಈ ಲೆಕ್ಕದಲ್ಲಿ ಇ-ಇನ್‌ವಾಯ್ಸಿನವರು ಪಿನ್‌ಕೋಡನ್ನು ಸಂಖ್ಯೆಯಾಗಿ ಕೇಳುವುದು ನನಗೆ ಅಷ್ಟು ಒಪ್ಪಿಗೆಯಿಲ್ಲ. 1972ರಲ್ಲಿ ಶುರುವಾದ ನಮ್ಮ ಪಿನ್‌ಕೋಡ್ ಸೊನ್ನೆಯಿಂದ ಆರಂಭವಾಗುವುದಿಲ್ಲ, ಅದರಿಂದ ಬಚಾವ್. ಅಮೆರಿಕದ ನ್ಯೂಜೆರ್ಸಿಯಲ್ಲೋ ಬೋಸ್ಟನ್ನಿನಲ್ಲೋ ಮಕ್ಕಳಿರುವವರು ವಿಳಾಸ ನೋಡಿ: ಅಲ್ಲಿಯ ಜಿಪ್‌ಕೋಡ್‌ಗಳ ಮೊದಲ ಅಂಕಿಯೇ ಸೊನ್ನೆ. ಅದೇ ಇ-ಇನ್‌ವಾಯ್ಸಿನವರು ಇನ್ನೊಂದು ಕಡೆ ಜಾಣತನ ತೋರಿದ್ದಾರೆ. ಬಿಲ್ಲಿನ ನಂಬರು ಸೊನ್ನೆಯಿಂದ ಶುರುವಾಗಕೂಡದು ಎಂದೇ ಕಟ್ಟಳೆ ಮಾಡಿದ್ದಾರೆ. ಸೊನ್ನೆ ಉದುರಿಸುವ ತಂತ್ರಾಂಶಗಳ ಕಾಟ ಅವರಿಗೂ ಗೊತ್ತಿದ್ದಿರಬೇಕು.

ಒಂದು ಕಾಲದಲ್ಲಿ ಬಗೆಯನ್ನು ಬಾಯಿಬಿಟ್ಟು ಹೇಳಿಯೇ ಕಳಿಸುತ್ತಿದ್ದರು. 1998ರಲ್ಲಿ ದತ್ತ ಬರೆಯುವ ಹೊಸ ಕ್ರಮವಾಗಿ ಎಕ್ಸ್‌ಎಂಎಲ್ ಬಂತು. ಅದೇ ವರ್ಷ ಡೇವ್ ವೈನರ್ ಎಂಬ ಪ್ರೋಗ್ರಾಮರ್ ಮತ್ತು ಮೈಕ್ರೋಸಾಫ್ಟ್‌ನ ಕೆಲವರು ಸೇರಿ ಎಕ್ಸ್‌ಎಂಎಲ್-ಆರ್‌ಪಿಸಿ ಎಂಬ ಪದ್ಧತಿ ಮಾಡಿದರು. ಅದರಲ್ಲಿ ಪ್ರತಿಯೊಂದು ಬೆಲೆಗೂ ಅಕ್ಕಪಕ್ಕ ಇದು ಪೂರ್ಣಾಂಕ, ಇದು ದಶಮಾಂಶ, ಇದು ತಾರೀಕು ಎಂಬ ಪಟ್ಟಿ ಕಟ್ಟಿರುತ್ತಿತ್ತು. ಅದರ ಬೆನ್ನಿಗೆ ಸೋಪ್ ಎಂಬ ಇನ್ನೊಂದು ಪದ್ಧತಿ ಬಂತು. 2001ರಲ್ಲಿ ಬಗೆಗಳನ್ನು ಗೊತ್ತುಮಾಡುವ ಎಕ್ಸ್‌ಎಂಎಲ್ ಸ್ಕೀಮಾ ಬಂತು. ಸ್ಕೀಮಾದಲ್ಲಿ ಸಿದ್ಧವಾಗಿ ದೊರೆಯುವ ಬಗೆಗಳೇ 44. ಬರೀ ವರ್ಷಕ್ಕೊಂದು ಬಗೆ, ಬರೀ ತಿಂಗಳಿಗೊಂದು ಬಗೆ, ಸೊನ್ನೆಗಿಂತ ಕಡಿಮೆಯಾಗದ ಪೂರ್ಣಾಂಕಕ್ಕೆ ಇನ್ನೊಂದು. ಶಾಸ್ತ್ರಶುದ್ಧ, ಆದರೆ ಭಾರ. ನೂರು ಕಿಲೋ ಎಂದು ಹೇಳಲು ಇನ್ನೂರು ಅಕ್ಷರ ಬರೆಯಬೇಕಾದರೆ ಯಾರಿಗೆ ಬೇಸರವಾಗದು?

ಆ ಬೇಸರದಲ್ಲೇ ಜನ ಪ್ರೋಗ್ರಾಮರ್ ಡಗ್ಲಸ್ ಕ್ರಾಕ್‌ಫರ್ಡ್ ಪರಿಚಯಿಸಿದ ಜೇಸನ್ ಕಡೆ ತಿರುಗಿದರು. ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ತುಂಡನ್ನು ಕತ್ತರಿಸಿ ತೆಗೆದಂತಿರುವ ಇದರ ಇಡೀ ವ್ಯಾಕರಣ ಒಂದು ಪುಟದಲ್ಲಿ ಹಿಡಿಯುತ್ತದೆ. ಇದರಲ್ಲಿ ಬಗೆ ಆರೇ ಆರು: ಅಕ್ಷರಸಾಲು, ಸಂಖ್ಯೆ, ಹೌದು-ಅಲ್ಲ, ಏನೂ ಇಲ್ಲ ಎಂದು ಹೇಳುವ ನಲ್, ಪಟ್ಟಿ, ಮತ್ತು ಹೆಸರು-ಬೆಲೆಗಳ ಗುಂಪು. ಹಗುರವೆನ್ನುವುದು ನಿಜ. ಆದರೆ ಆ 44ರಲ್ಲಿ ಬಿಟ್ಟುಹೋದದ್ದೆಲ್ಲ ಎಲ್ಲಿಗೂ ಹೋಗಲಿಲ್ಲ. ಪ್ರೋಗ್ರಾಮ್ ಬರೆಯುವವರ ತಲೆಗೆ ಬಂದು ಕೂತಿತು.

ತಾರೀಕನ್ನೇ ನೋಡಿ. ಜೇಸನ್‌ನಲ್ಲಿ ತಾರೀಕಿಗೆ ಬಗೆಯೇ ಇಲ್ಲ, ಅಕ್ಷರಸಾಲಾಗಿ ಬರೆಯಬೇಕು. 03/04 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಇ-ಇನ್‌ವಾಯ್ಸ್ ಪೋರ್ಟಲ್ ನಮ್ಮ ರೂಢಿಯಂತೆ ದಿನ, ತಿಂಗಳು, ವರ್ಷ ಎಂದು ಓರೆಗೆರೆ ಹಾಕಿ ಕೇಳುತ್ತದೆ. ಉತ್ತರ ಕೊಡುವಾಗ ಮಾತ್ರ ಸ್ವೀಕೃತಿಯ ತಾರೀಕನ್ನು ವರ್ಷ ಮುಂದಿಟ್ಟು, ಅಡ್ಡಗೆರೆ ಹಾಕಿ, ಗಂಟೆ ನಿಮಿಷ ಸಮೇತ ಕೊಡುತ್ತದೆ. ಹೋಗುವಾಗ ಒಂದು ವೇಷ, ಬರುವಾಗ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಓದುವ ಕ್ರಮ ಬರೆದಿರದ ತಂತ್ರಾಂಶ ಅಲ್ಲೇ ಮುಗ್ಗರಿಸುತ್ತದೆ.

ಗಂಟೆಯ ಮಾತು ಬಂದಾಗ ಇನ್ನೂ ಸೂಕ್ಷ್ಮ. ಆಕಾಶವಾಣಿಯಲ್ಲಿ ಈಗ ಸಮಯ ಇಷ್ಟು ಎಂದರೆ ಕಚ್ಛ್‌ನಿಂದ ಅರುಣಾಚಲದವರೆಗೆ ಅದೊಂದೇ ಸಮಯ. ಯಾರ ಸಮಯ ಎಂದು ಯಾರೂ ಕೇಳುವುದಿಲ್ಲ. ಸರ್ವರ್‌ಗಳು ಹಾಗಲ್ಲ. ಬಹಳಷ್ಟು ಸರ್ವರ್‌ಗಳ ಗಡಿಯಾರ ಯುಟಿಸಿ ಎಂಬ ಅಂತರರಾಷ್ಟ್ರೀಯ ಕಾಲಮಾನದಲ್ಲಿರುತ್ತದೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಏಪ್ರಿಲ್ 1ರ ನಸುಕಿನ ಎರಡು ಗಂಟೆಗೆ ಇಲ್ಲಿ ಬಿಲ್ಲು ಮಾಡಿದರೆ ಅಲ್ಲಿನ್ನೂ ಮಾರ್ಚ್ 31ರ ರಾತ್ರಿ ಎಂಟೂವರೆ. ಒಂದು ದಿನವಷ್ಟೇ ಅಲ್ಲ, ಹಣಕಾಸು ವರ್ಷವೇ ಬದಲಾಯಿತು. ಹೀಗಾಗದಿರಲಿ ಎಂದು 2002ರಲ್ಲಿ ಅಂತರಜಾಲದ ಶಿಷ್ಟತೆ ರೂಪಿಸುವವರು ಒಂದು ಬರವಣಿಗೆಯ ಕ್ರಮ ಗೊತ್ತುಮಾಡಿದರು: ವರ್ಷ, ತಿಂಗಳು, ದಿನ, ಗಂಟೆ ಬರೆದು ಕೊನೆಯಲ್ಲಿ ಕೂಡು ಚಿಹ್ನೆ ಹಾಕಿ 05:30 ಎನ್ನಬೇಕು. ಆ ಬಾಲವನ್ನು ಕತ್ತರಿಸಿ ಕಳಿಸುವ ಎಪಿಐಗಳನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಸಂಖ್ಯೆಯೆಂದು ಹೇಳಿ ಕಳಿಸಿದ ಮೇಲಾದರೂ ನಿಶ್ಚಿಂತೆಯೇ? ಅದೂ ಇಲ್ಲ. ಜೇಸನ್ ವ್ಯಾಕರಣ ಸಂಖ್ಯೆ ಎಷ್ಟು ದೊಡ್ಡದಿರಬಹುದು ಎಂದು ಮಿತಿ ಹಾಕಿಲ್ಲ. ಆದರೆ ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ 9007199254740991ರವರೆಗಿನ ಪೂರ್ಣಾಂಕಗಳನ್ನು ಮಾತ್ರ ನಿಖರವಾಗಿ ಹಿಡಿಯಬಲ್ಲದು. ಎರಡರ ಐವತ್ಮೂರನೇ ಘಾತದಲ್ಲಿ ಒಂದು ಕಡಿಮೆ. ಆ ಸಂಖ್ಯೆಯ ಕೊನೆಯ ಎರಡಂಕಿ 93 ಇರುವಂತೆ ಕಳಿಸಿ ನೋಡಿ. ಅತ್ತ ಕಡೆ 92 ಎಂದು ಕಾಣಿಸುತ್ತದೆ. ದೂರಿಲ್ಲ, ದೋಷದ ಸಂದೇಶವಿಲ್ಲ, ಗುಟ್ಟಾಗಿ ಒಂದು ಕಡಿಮೆ. 2010ರಲ್ಲಿ ಟ್ವಿಟರ್ ತನ್ನ ಪ್ರತಿ ಟ್ವೀಟ್‌ಗೂ ಕೊಡುವ ಗುರುತಿನ ಸಂಖ್ಯೆ ಈ ಗೆರೆ ದಾಟುವ ಹಂತಕ್ಕೆ ಬಂತು. ಅವರು ಮಾಡಿದ ಉಪಾಯ ಸರಳ: ಅದೇ ಗುರುತನ್ನು ಎರಡು ಸಲ ಕಳಿಸತೊಡಗಿದರು. ಒಮ್ಮೆ ಸಂಖ್ಯೆಯಾಗಿ, ಇನ್ನೊಮ್ಮೆ ಬೇರೆ ಹೆಸರಿನಡಿ ಅಕ್ಷರಸಾಲಾಗಿ. ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುವ ಹಾಗೆ.

ದುಡ್ಡಿನ ವಿಷಯದಲ್ಲಿ ಇದಕ್ಕಿಂತ ಚಿಕ್ಕ ಮೊತ್ತಗಳೇ ತಲೆ ತಿನ್ನುತ್ತವೆ. ಕಂಪ್ಯೂಟರಿಗೆ 0.1 ಮತ್ತು 0.2 ಕೂಡಿಸಲು ಹೇಳಿದರೆ ಹೆಚ್ಚಿನ ಭಾಷೆಗಳಲ್ಲಿ 0.30000000000000004 ಎಂಬ ಉತ್ತರ ಬರುತ್ತದೆ. ಮೂರರಿಂದ ಒಂದನ್ನು ಭಾಗಿಸಿದರೆ ನಮಗೆ ಹೇಗೆ ಮುಗಿಯದ ದಶಮಾಂಶ ಬರುತ್ತದೋ, ಎರಡರ ಲೆಕ್ಕದಲ್ಲೇ ಬದುಕುವ ಯಂತ್ರಕ್ಕೆ ಹತ್ತರಲ್ಲೊಂದು ಹಾಗೆ. ಅದಕ್ಕೇ ಆನ್‌ಲೈನ್ ಪಾವತಿ ನಡೆಸುವ ಬೆಂಗಳೂರಿನ ರೇಜರ್‌ಪೇ ಸಂಸ್ಥೆಯ ಎಪಿಐ ಮೊತ್ತವನ್ನು ರೂಪಾಯಿಯಲ್ಲಿ ಕೇಳುವುದೇ ಇಲ್ಲ. ಪೈಸೆಯಲ್ಲಿ, ಪೂರ್ಣಾಂಕವಾಗಿ ಕೇಳುತ್ತದೆ. 299 ರೂಪಾಯಿ 35 ಪೈಸೆ ಎಂದರೆ 29935. ದಶಮಾಂಶದ ಕಾಟ ತಪ್ಪಿತು. ಆದರೆ ಅದರ ಕೈಪಿಡಿ ಓದದೆ 500 ಎಂದು ಕಳಿಸಿದವರಿಗೆ ಗಿರಾಕಿಯಿಂದ ಬರುವುದು ಐದೇ ರೂಪಾಯಿ.

ನಮ್ಮ ಕಾಫಿ ಬಿಲ್ಲಿಗೆ ಶೇಕಡಾ 5 ತೆರಿಗೆ. ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ. 61,245ಕ್ಕೆ ಎರಡೂವರೆಯಂತೆ 1531 ರೂಪಾಯಿ 12 ಪೈಸೆ, ಮೇಲೊಂದು ಅರ್ಧ ಪೈಸೆ. ಬಿಲ್ಲಿನಲ್ಲಿ ಎರಡೇ ದಶಮಾಂಶಕ್ಕೆ ಜಾಗ. ಶಾಲೆಯಲ್ಲಿ ಕಲಿತಂತೆ ಅರ್ಧವನ್ನು ಮೇಲಕ್ಕೇರಿಸಿದರೆ 13 ಪೈಸೆ. ಪೈಥಾನ್ ಭಾಷೆಯ ಸಿದ್ಧ ಸೂತ್ರಕ್ಕೆ ಕೊಟ್ಟರೆ ಅದು ಅರ್ಧ ಬಂದಾಗ ಹತ್ತಿರದ ಸರಿಸಂಖ್ಯೆಗೆ ವಾಲುತ್ತದೆ. 12 ಪೈಸೆ ಎನ್ನುತ್ತದೆ. ಎರಡು ಭಾಗವನ್ನೂ ಕೂಡಿಸಿದರೆ ಒಬ್ಬರ ಲೆಕ್ಕದಲ್ಲಿ 3062.26, ಇನ್ನೊಬ್ಬರದರಲ್ಲಿ 3062.24, ಒಟ್ಟಿಗೇ ಶೇಕಡಾ 5 ಹಾಕಿದವರದು 3062.25. ಮೂವರೂ ಕಳಿಸಿದ್ದು ಸಂಖ್ಯೆಯನ್ನೇ, ಬಗೆಯಲ್ಲಿ ಯಾರದೂ ತಪ್ಪಿಲ್ಲ. ಅರ್ಧ ಪೈಸೆ ಯಾರ ಕಡೆಗೆ ಹೋಗಬೇಕೆಂದು ಮೊದಲೇ ಮಾತಾಗಿರಬೇಕಿತ್ತು.

ಅಳತೆಯ ಮಾತೂ ಅಷ್ಟೇ. ಪ್ರಮಾಣ 100 ಎಂದರೆ ಸಾಲದು. ‘ಕೆಜಿಎಸ್’ ಎಂಬುದು ಪಕ್ಕದಲ್ಲಿ ಇರಲೇಬೇಕು. ಅದರ ಜಾಗದಲ್ಲಿ ‘ಬ್ಯಾಗ್’ ಎಂಬ ಸಂಕೇತ ಬಿದ್ದರೆ ನೂರು ಮೂಟೆ. 1999ರ ಸೆಪ್ಟೆಂಬರಿನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳದ ಬಳಿ ನಾಶವಾದದ್ದು ಇಂಥದೇ ಕಾರಣಕ್ಕೆ. ಒಂದು ತಂತ್ರಾಂಶ ಬಲದ ಲೆಕ್ಕವನ್ನು ಪೌಂಡುಗಳಲ್ಲಿ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್ನುಗಳೆಂದು ಓದಿತು. ಸಂಖ್ಯೆ ಸಂಖ್ಯೆಯಾಗಿಯೇ ತಲುಪಿತ್ತು.

ಹೌದು-ಅಲ್ಲ ಎಂಬ ಬಗೆಯಷ್ಟು ಸುಲಭ ಯಾವುದಿದೆ ಅನ್ನಿಸೀತು. ಇ-ಇನ್‌ವಾಯ್ಸ್‌ನಲ್ಲಿ ‘ಇದು ಸೇವೆಯೇ’ ಎಂಬ ಕಲಮಿಗೆ ಜೇಸನ್ನಿನ ಹೌದು-ಅಲ್ಲ ಬಗೆಯನ್ನು ಬಳಸಿಲ್ಲ. ‘ವೈ’ ಅಥವಾ ‘ಎನ್’ ಎಂಬ ಅಕ್ಷರ ಬರೆಯಬೇಕು. ಕಾಫಿ ಸರಕು, ಸೇವೆಯಲ್ಲ, ಆದ್ದರಿಂದ ‘ಎನ್’. ಆದರೆ ಬಹಳ ಭಾಷೆಗಳಲ್ಲಿ ಖಾಲಿಯಲ್ಲದ ಅಕ್ಷರಸಾಲು ಯಾವುದಾದರೂ ಅದು ಹೌದು ಎಂದೇ ಲೆಕ್ಕ. ಪ್ರೋಗ್ರಾಮ್ ಬರೆದವರು ಅಕ್ಷರವನ್ನು ಹೋಲಿಸದೆ ನೇರವಾಗಿ ಪರೀಕ್ಷಿಸಿದರೆ ‘ಎನ್’ ಎಂಬ ಇಲ್ಲವೇ ಹೌದಾಗಿ, ಕಾಫಿ ಸೇವೆಯಾಗಿಬಿಡುತ್ತದೆ. ಇನ್ನು ರಿಯಾಯಿತಿ ಸೊನ್ನೆ ಎನ್ನುವುದು, ರಿಯಾಯಿತಿ ನಲ್ ಎನ್ನುವುದು, ಆ ಕಲಮನ್ನೇ ಬಿಟ್ಟುಬಿಡುವುದು, ಇವು ಮೂರು ಬೇರೆ ಬೇರೆ ಮಾತು: ಕೊಟ್ಟಿಲ್ಲ, ಬೆಲೆ ನಮೂದಾಗಿಲ್ಲ, ಹೇಳಿಲ್ಲ. ಮೂರನ್ನೂ ಒಂದೇ ಎಂದು ಓದುವವರೇ ಜಾಸ್ತಿ.

ಕನ್ನಡದ ಅಕ್ಷರಸಾಲಿಗೆ ಬರುತ್ತೇನೆ. ಇಲ್ಲಿ ನಮ್ಮದೇ ತೊಡಕುಗಳಿವೆ. ಜೇಸನ್ ಈಗ ಯುಟಿಎಫ್-8 ಸಂಕೇತದಲ್ಲೇ ಹೋಗಬೇಕು. ‘ಕನ್ನಡ’ ಎಂಬ ಮಾತು ಕಣ್ಣಿಗೆ ಮೂರಕ್ಷರ. ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡ್‌ಗೆ ಕ, ನ, ವಿರಾಮ, ನ, ಡ ಎಂದು ಐದು. ತಂತಿಯ ಮೇಲೆ ಒಂದೊಂದಕ್ಕೂ ಮೂರು ಬೈಟು, ಒಟ್ಟು 15. ಹೆಸರಿಗೆ 50 ಅಕ್ಷರದ ಮಿತಿ ಎಂದು ಎಪಿಐ ಕೈಪಿಡಿ ಹೇಳಿದರೆ ಯಾವ ಅಕ್ಷರ ಎಂದು ಕೇಳಬೇಕಾಗುತ್ತದೆ. ಬೈಟುಗಳನ್ನು ಎಣಿಸುವ ಸರ್ವರ್ ನಮ್ಮ ಹೆಸರನ್ನು ಹದಿನಾರು ಗುರುತಿಗೇ ಕತ್ತರಿಸಿಬಿಡುತ್ತದೆ, ಅದೂ ಎಲ್ಲೋ ಒತ್ತಕ್ಷರದ ನಡುವೆ.

‘ಕೋಲಾರ’ ಇನ್ನೂ ಸೋಜಿಗ. ‘ಕೋ’ ಬರೆಯಲು ಯೂನಿಕೋಡ್‌ನಲ್ಲಿ ಒಂದೇ ಸ್ವರಚಿಹ್ನೆ ಇದೆ. ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಎರಡೂ ಸಮ ಎಂದು ಯೂನಿಕೋಡ್ ಕೂಡ ಹೇಳುತ್ತದೆ. ಆದರೆ ಅಕ್ಷರಕ್ಕೆ ಅಕ್ಷರ ಹೋಲಿಸುವ ತಂತ್ರಾಂಶಕ್ಕೆ ಅವು ಎರಡು ಊರು. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ‘ರಾಜ್‌ಕುಮಾರ್’ ಎಂದು ಜ ಮತ್ತು ಕ ಒತ್ತಾಗದಂತೆ ಬರೆದಾಗ ಅವುಗಳ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಕೂತಿರುತ್ತದೆ. ಅದನ್ನು ಬಿಟ್ಟರೆ ‘ರಾಜ್ಕುಮಾರ್’ ಆಗಿ, ಯಂತ್ರದ ಲೆಕ್ಕಕ್ಕೆ ಬೇರೊಬ್ಬ ಮನುಷ್ಯ. ಕೋಲಾರದಂಥವನ್ನು ಪಡೆದ ಕೂಡಲೇ ಒಂದೇ ರೂಪಕ್ಕೆ ತಂದುಕೊಳ್ಳಲು ಯೂನಿಕೋಡ್ ದಾರಿ ಮಾಡಿದೆ. ಕಾಣದ ಗುರುತಿನ ವಿಚಾರವನ್ನು ನಾವೇ ನೋಡಿಕೊಳ್ಳಬೇಕು. ಕನ್ನಡ ಅಂಕಿ? ೧೦೦ ಎಂದು ಬರೆದದ್ದನ್ನು ಪೈಥಾನ್ ನೂರು ಎಂದೇ ಓದುತ್ತದೆ, ಸಂತೋಷ. ಜೇಸನ್ ವ್ಯಾಕರಣದಲ್ಲಿ ಅದು ಸಂಖ್ಯೆಯಲ್ಲ. ಉದ್ಧರಣ ಚಿಹ್ನೆಯೊಳಗೆ ಹಾಕಿ ಪದವಾಗಿ ಕಳಿಸಬಹುದು, ಅಷ್ಟೇ.

ಇಷ್ಟೆಲ್ಲ ತೊಡಕಿರುವಾಗ ಪಡೆಯುವವರು ಸ್ವಲ್ಪ ಸಡಿಲ ಬಿಟ್ಟರೇನು ಎಂಬ ಪ್ರಶ್ನೆ ಬರುತ್ತದೆ. ಅಂತರಜಾಲದ ಹಿರಿಯರಲ್ಲೊಬ್ಬರಾದ ಜಾನ್ ಪೋಸ್ಟೆಲ್ 1980ರಲ್ಲೇ, ಕಳಿಸುವಾಗ ಬಿಗಿಯಾಗಿರಿ, ಪಡೆಯುವಾಗ ಉದಾರವಾಗಿರಿ ಎಂಬರ್ಥದ ಮಾತು ಹೇಳಿದ್ದರು. ಅಂತರಜಾಲ ಬೆಳೆದದ್ದು ಆ ಔದಾರ್ಯದಿಂದ ಎಂದು ಹೇಳುವವರಿದ್ದಾರೆ, ಇರಬಹುದು. ಲೆಕ್ಕಪತ್ರದ ವಿಷಯದಲ್ಲಿ ಮಾತ್ರ ನಾನು ಅದನ್ನು ಒಪ್ಪುವುದಿಲ್ಲ. ಉದ್ಧರಣ ಚಿಹ್ನೆಯೊಳಗೆ 100 ಎಂದು ಕಳಿಸಿದವರನ್ನು ಸರ್ವರ್ ಹೋಗಲಿ ಬಿಡು ಎಂದು ಒಪ್ಪಿಕೊಂಡರೆ, ಅವರು ವರ್ಷಗಟ್ಟಲೆ ಹಾಗೆಯೇ ಕಳಿಸುತ್ತಾರೆ. ಮುಂದೊಂದು ದಿನ ಸರ್ವರಿನ ತಂತ್ರಾಂಶ ಬದಲಾಗಿ ಬಿಗಿಯಾದಾಗ ನೂರಾರು ಅಂಗಡಿಗಳ ಬಿಲ್ಲು ಒಂದೇ ಬೆಳಿಗ್ಗೆ ನಿಲ್ಲುತ್ತವೆ. ಮೊದಲ ದಿನವೇ 400 ಎಂಬ ದೋಷದ ಸಂಕೇತ ಕೊಟ್ಟು, ಯಾವ ಕಲಮಿನಲ್ಲಿ ಯಾವ ಬಗೆ ಬೇಕಿತ್ತು ಎಂದು ಹೇಳಿ ವಾಪಸ್ ಕಳಿಸುವುದೇ ಉಪಕಾರ.

ವಾಪಸ್ ಬರುವ ಉತ್ತರವೂ ದಾರಿಯಲ್ಲಿ ಕಳೆದುಹೋಗಬಹುದು. ಆಗ ಅಂಗಡಿಯ ತಂತ್ರಾಂಶ ಅದೇ ಬಿಲ್ಲನ್ನು ಮತ್ತೆ ಕಳಿಸುತ್ತದೆ. ವ್ಯಾಪಾರಿಯ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ, ಬಿಲ್ಲಿನ ನಂಬರು ಈ ನಾಲ್ಕರಿಂದಲೇ ಆ 64 ಅಕ್ಷರದ ಗುರುತು ಹುಟ್ಟುವುದರಿಂದ ಎರಡನೇ ಸಲವೂ ಅದೇ ಗುರುತು ಬರುತ್ತದೆ. ಪೋರ್ಟಲ್ 2150 ಎಂಬ ದೋಷಸಂಖ್ಯೆ ಕೊಟ್ಟು, ಇದು ಆಗಲೇ ನೋಂದಣಿಯಾಗಿದೆ ಎನ್ನುತ್ತದೆ. ಅದನ್ನು ಸೋಲು ಎಂದು ಓದಬಾರದು, ಮೊದಲ ಸಲವೇ ಕೆಲಸ ಆಗಿದೆ ಎಂದು ಓದಬೇಕು. ಬಿಲ್ಲಿನ ನಂಬರನ್ನು ಬದಲಿಸಿ ಮೂರನೇ ಸಲ ಕಳಿಸಿದರೆ ಮಾತ್ರ ಒಂದೇ ಕಾಫಿಗೆ ಎರಡು ಬಾರಿ ತೆರಿಗೆಯ ಲೆಕ್ಕ ಬೀಳುತ್ತದೆ.

ಆ ಬಿಲ್ಲಿನ ಮೊಟ್ಟಮೊದಲ ಸಾಲನ್ನು ನಾನು ಓದದೆ ಬಿಟ್ಟಿದ್ದೆ. ಅದು ಆವೃತ್ತಿ: 1.1, ಉದ್ಧರಣ ಚಿಹ್ನೆಯೊಳಗೆ. ಬಗೆಗಳ ಒಪ್ಪಂದ ಮುಂದೆ ಬದಲಾದರೆ ಈ ಆವೃತ್ತಿಯೂ ಬದಲಾಗುತ್ತದೆ. ಯಾವ ಒಪ್ಪಂದದಂತೆ ಓದಬೇಕೆಂದು ಪೋರ್ಟಲ್‌ಗೆ ತಿಳಿಯುವುದು ಇದರಿಂದಲೇ. ಇದಕ್ಕೆ ಚಿಹ್ನೆ ಯಾಕೆ ಬೇಕೆಂಬುದನ್ನು 2021ರ ಅಕ್ಟೋಬರಿನಲ್ಲಿ ಪ್ರಪಂಚದ ಅನೇಕ ಪ್ರೋಗ್ರಾಮರುಗಳು ಕಂಡರು. ಪೈಥಾನ್ ಭಾಷೆಯ 3.10ನೇ ಆವೃತ್ತಿ ಆಗ ಹೊರಬಂತು. ತಮ್ಮ ಕಡತಗಳಲ್ಲಿ ಅದನ್ನು ಚಿಹ್ನೆಯಿಲ್ಲದೆ ಬರೆದಿದ್ದವರ ಯಂತ್ರಗಳು ಅದನ್ನು ಸಂಖ್ಯೆಯೆಂದು ಓದಿ, ಈ ಸಲ ಕೊನೆಯ ಸೊನ್ನೆ ಉದುರಿಸಿ, ಹನ್ನೆರಡು ವರ್ಷ ಹಳೆಯ 3.1 ಎಲ್ಲಿದೆಯೆಂದು ಹುಡುಕತೊಡಗಿದವು.